ಹಿಟ್ಟಿನ ಕೋಳಿಗಿಂತ ಮೊದಲು: ‘ಯಶೋಧರ ಚರಿತೆ’ಯ ಒಂದು ಓದು

ಜನ್ನಕವಿಯ ‘ಯಶೋಧರ ಚರಿತೆ’ ನಮ್ಮ ಸಮಾಜದ ಮನೆಗಳಿಗೆ ಹೊಸತಲ್ಲ. ಜೀವದಯಾಷ್ಟಮಿಯ ನೋಂಪಿಯ ಕಥೆಯೆಂದು ಅಜ್ಜಿಯರ ಬಾಯಿಂದ ಕೇಳಿದವರಿದ್ದಾರೆ. ಬಸದಿಯ ಪ್ರವಚನಗಳಲ್ಲಿ ಕೇಳಿದವರಿದ್ದಾರೆ. ಕಾಲೇಜಿನಲ್ಲಿ ಪಠ್ಯವೆಂದು ಓದಿ, ಪರೀಕ್ಷೆ ಮುಗಿದೊಡನೆ ಮರೆತವರೂ ಇದ್ದಾರೆ. ನಾನು ಈ ಮೂರನೆಯ ವರ್ಗಕ್ಕೆ ಸೇರಿದವನು. ಬಿ.ಕಾಂ. ತರಗತಿಯಲ್ಲಿ ಕನ್ನಡ ಭಾಷಾ ಪತ್ರಿಕೆಗೆ ಇದರ ಒಂದು ತುಣುಕು ಇತ್ತು. ಲೆಕ್ಕಶಾಸ್ತ್ರದ ಪುಸ್ತಕದ ಅಡಿಯಲ್ಲಿಟ್ಟುಕೊಂಡು ಓದಿದ್ದೆ. ಮತ್ತೆ ಪೂರ್ತಿಯಾಗಿ ಓದುವ ಯೋಗ ಬಂದುದು ಅಂಗಡಿಯ ವ್ಯವಹಾರವನ್ನು ಮಗನಿಗೆ ಒಪ್ಪಿಸಿ, ಸಂಜೆಗಳು ನನ್ನವಾದ ಮೇಲೆ. ನಾಲ್ಕು ಅವತಾರಗಳ, ಮುನ್ನೂರಕ್ಕೆ ತುಸು ಮೇಲ್ಪಟ್ಟ ಪದ್ಯಗಳ, ಬಹುಪಾಲು ಕಂದಗಳಲ್ಲಿಯೇ ನಡೆಯುವ ಸಣ್ಣ ಕಾವ್ಯವಿದು. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ಇದನ್ನು ಮುಗಿಸಿದನು. ಒಂದು ವಾರದ ಸಂಜೆಗಳಲ್ಲಿ ಓದಿ ಮುಗಿಸಬಹುದು. ನನಗೆ ಮೂರು ತಿಂಗಳು ಹಿಡಿಯಿತು, ಏಕೆಂದರೆ ಒಂದು ಸ್ಥಳದಲ್ಲಿ ನಾನು ನಿಂತುಬಿಟ್ಟೆ. ಆ ಸ್ಥಳವನ್ನು ಕುರಿತೇ ಈ ಲೇಖನ.

ಈ ಕಾವ್ಯವನ್ನು ನಮ್ಮಲ್ಲಿ ಎರಡು ಬಗೆಯಾಗಿ ಓದುತ್ತ ಬಂದಿದ್ದಾರೆ. ಪ್ರವಚನಕಾರರ ಓದಿನಲ್ಲಿ ಇದು ಹಿಂಸೆಯ ಫಲವನ್ನು ಹೇಳುವ ಕಥೆ. ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿದುದಕ್ಕೇ ತಾಯಿಮಕ್ಕಳು ಜನ್ಮಜನ್ಮಾಂತರ ತಿರ್ಯಂಚಗತಿಯಲ್ಲಿ ಬಿದ್ದರೆಂದ ಮೇಲೆ ಜೀವವಿರುವ ಪ್ರಾಣಿಯನ್ನು ಕೊಂದವರ ಗತಿಯೇನು ಎಂಬುದು ಅವರ ಪ್ರಶ್ನೆ. ಅದರ ಜೊತೆಗೆ ಸ್ತ್ರೀಯರ ಚಂಚಲಚಿತ್ತವನ್ನು ಕುರಿತು ಹತ್ತು ಮಾತು ಸೇರಿಸುವುದು ವಾಡಿಕೆ. ಈ ಹತ್ತು ಮಾತುಗಳನ್ನು ಬಿಟ್ಟರೆ ನಷ್ಟವಿಲ್ಲವೆಂದು ನನ್ನ ಅಭಿಪ್ರಾಯ. ವಿಶ್ವವಿದ್ಯಾಲಯದ ವಿಮರ್ಶಕರ ಓದು ಇನ್ನೊಂದು. ರಾಣಿ ಅಮೃತಮತಿ ನಡುರಾತ್ರಿಯಲ್ಲಿ ಗಜಶಾಲೆಯ ಕಡೆಯಿಂದ ಬಂದ ಹಾಡಿಗೆ ಮನಸೋತು, ಹಾಡಿದವನು ಕುರೂಪಿಯಾದ ಮಾವಟಿಗ ಅಷ್ಟಾವಂಕನೆಂದು ಕೆಳದಿ ಬಂದು ಹೇಳಿದ ಮೇಲೂ ಹಿಂದೆ ಸರಿಯದ ಭಾಗವೇ ಇಲ್ಲಿಯ ನಿಜವಾದ ಕಾವ್ಯ. ಉಳಿದುದೆಲ್ಲ ಧರ್ಮೋಪದೇಶದ ಹೊರೆ ಎನ್ನುವವರು ಅವರಲ್ಲಿ ಹಲವರು. ಆ ಭಾಗದ ಕಾವ್ಯಶಕ್ತಿಯನ್ನು ನಾನೂ ಒಪ್ಪುತ್ತೇನೆ. ಆದರೆ ಪ್ರವಚನಕಾರರು ಕೋಳಿಯ ಬಳಿಯಲ್ಲಿಯೂ ವಿಮರ್ಶಕರು ಗಜಶಾಲೆಯ ಬಳಿಯಲ್ಲಿಯೂ ನಿಂತರೆ, ಅವೆರಡರ ನಡುವೆ ಅರಮನೆಯಲ್ಲಿ ನಡೆದ ಒಂದು ಮುಂಜಾನೆಯ ಮಾತುಕತೆಯನ್ನು ಇಬ್ಬರೂ ದಾಟಿ ಹೋಗುತ್ತಾರೆ. ತಾಯಿ ಚಂದ್ರಮತಿಗೂ ಮಗ ಯಶೋಧರನಿಗೂ ನಡೆದ ಮಾತುಕತೆ ಅದು. ಕಥೆಯ ಅನಾಹುತವೆಲ್ಲ ಅಲ್ಲಿಂದ ಹೊರಡುತ್ತದೆಂದು ನನ್ನ ತಿಳಿವಳಿಕೆ. ಕೋಳಿಯನ್ನು ಕಡಿಯುವುದು ಅದರ ಕೊನೆಯ ಕೊಂಡಿ ಮಾತ್ರ.

ಹಿಂದಿನ ರಾತ್ರಿ ನಡೆದುದನ್ನು ನೆನಪಿಸಿಕೊಳ್ಳಬೇಕು. ಹೆಂಡತಿ ಹಾಸಿಗೆಯಿಂದ ಎದ್ದು ಹೋದುದನ್ನು ಅರಿತ ಯಶೋಧರ ಮರೆಯಾಗಿ ಅವಳನ್ನು ಹಿಂಬಾಲಿಸುತ್ತಾನೆ. ತಡಮಾಡಿ ಬಂದಳೆಂದು ಮಾವಟಿಗ ಅವಳನ್ನು ಹೊಡೆಯುವುದನ್ನೂ ಅವಳು ಆ ಪೆಟ್ಟುಗಳನ್ನು ಸಹಿಸಿ ಅವನನ್ನೇ ಬೇಡಿಕೊಳ್ಳುವುದನ್ನೂ ಕಣ್ಣಾರೆ ಕಾಣುತ್ತಾನೆ. ಕತ್ತಿಯನ್ನೆತ್ತುತ್ತಾನೆ, ಮತ್ತೆ ಕೈಯನ್ನು ತಡೆದುಕೊಳ್ಳುತ್ತಾನೆ. ಇದನ್ನು ಅವನ ಕ್ಷಮೆಯೆಂದು ಹೊಗಳುವುದುಂಟು. ನಾನು ಮತ್ತೆ ಮತ್ತೆ ಓದಿ ನೋಡಿದೆ. ಅದು ಕ್ಷಮೆಯಲ್ಲ. ವೀರರ ಮೇಲೆ ಬೀಳಬೇಕಾದ ಕತ್ತಿ ಇಂಥ ಕ್ಷುದ್ರರ ಮೇಲೆ ಬೀಳುವುದೆ ಎಂಬ ಭಾವ ಅವನ ಕೈಯನ್ನು ಹಿಡಿಯುತ್ತದೆ. ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಕ್ರೋಧವೆಂಬ ಕಷಾಯ ಅಲ್ಲಿ ಉಪಶಮವಾಗಲಿಲ್ಲ, ಮಾನವೆಂಬ ಇನ್ನೊಂದು ಕಷಾಯ ಅದನ್ನು ನುಂಗಿತು. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ: ಕತ್ತಿ ಒರೆಗೆ ಮರಳಿತು, ಯಾರೂ ಸಾಯಲಿಲ್ಲ. ಒಳಗೆ ಮಾತ್ರ ಲೆಕ್ಕ ಬೇರೆ.

ಮರುದಿನ ಆ ಮಾನ ತನ್ನ ಗುಣವನ್ನು ತೋರಿಸುತ್ತದೆ. ಯಶೋಧರ ವಿನೋದಕ್ಕೆಂಬಂತೆ ಹೆಂಡತಿಯನ್ನು ಒಂದು ಹೂವಿನಿಂದ ಹೊಡೆಯುತ್ತಾನೆ. ರಾತ್ರಿಯೆಲ್ಲ ಮಾವಟಿಗನ ಪೆಟ್ಟು ತಿಂದವಳು ಆ ಹೂವಿನ ಪೆಟ್ಟಿಗೆ ಮೂರ್ಛೆ ಹೋದವಳಂತೆ ಬೀಳುತ್ತಾಳೆ. ಅರಸ ಉಪಚರಿಸಿ, ಹೂವಿನ ಏಟಿನಿಂದ ಹೇಗೋ ಬದುಕಿಕೊಂಡೆಯಲ್ಲ ಎಂಬರ್ಥದ ಮಾತನ್ನಾಡುತ್ತಾನೆ. ಜನ್ನನ ಪ್ರತಿಭೆಗೆ ಈ ಸನ್ನಿವೇಶವೊಂದೇ ಸಾಕ್ಷಿ. ಗಂಡ ಹೆಂಡತಿ ಇಬ್ಬರಿಗೂ ಸತ್ಯ ಗೊತ್ತು, ಅಥವಾ ಹೆಂಡತಿಗೆ ಈಗ ಸಂಶಯವಾದರೂ ಬಂದಿದೆ, ಇಬ್ಬರೂ ನಟಿಸುತ್ತಿದ್ದಾರೆ. ಅವನು ಕೇಳಲಿಲ್ಲ, ಚುಚ್ಚಿದ. ನಮ್ಮ ಮನೆಗಳಲ್ಲಿ ಹೂವಿನ ಪೆಟ್ಟುಗಳು ಎಷ್ಟು ಬೀಳುತ್ತವೆಂಬುದನ್ನು ಓದುಗರೇ ಎಣಿಸಿ ನೋಡಬಹುದು. ಊಟದ ಎಲೆಯ ಮುಂದೆ ಒಂದು ವ್ಯಂಗ್ಯ, ನೆಂಟರೆದುರಿಗೆ ಒಂದು ನಗೆಮಾತು, ‘ನಾನೇನೂ ಹೇಳಲಿಲ್ಲವಲ್ಲ’ ಎಂಬ ಸಮರ್ಥನೆ. ಕೋಪವನ್ನು ನುಂಗಿದೆನೆಂದು ನಂಬಿದವನ ಮಾತಿನಲ್ಲಿ ಅದು ಹೀಗೆಯೇ ಮೇಲೆ ಬರುತ್ತದೆ. ಪ್ರವಚನದಲ್ಲಿ ಅಮೃತಮತಿ ಅಂದು ಸಂಜೆಯೇ ವಿಷದ ಯೋಚನೆ ಮಾಡಿದಳೆಂಬಂತೆ ಹೇಳುತ್ತಾರೆ. ಈ ಹೂವಿನ ಪೆಟ್ಟು ಅವಳ ಭಯಕ್ಕೆ ಎಷ್ಟು ಕಾರಣವಾಯಿತೆಂದು ಯಾರೂ ಕೇಳುವುದಿಲ್ಲ. ಅವಳ ಪಾಪವನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ನೇರವಾದ ಪ್ರಶ್ನೆಗೆ ಉತ್ತರ ಹೇಳಬಹುದು, ತಪ್ಪೊಪ್ಪಿಕೊಳ್ಳಬಹುದು, ಸುಳ್ಳನ್ನಾದರೂ ಹೇಳಬಹುದು; ವ್ಯಂಗ್ಯಕ್ಕೆ ಹೆದರುವುದೊಂದೇ ದಾರಿ.

ಈಗ ಆ ಮುಂಜಾನೆಯ ಮಾತುಕತೆ. ಮಗನ ಮುಖ ಬಾಡಿರುವುದನ್ನು ಕಂಡು ತಾಯಿ ಕಾರಣ ಕೇಳುತ್ತಾಳೆ. ಯಶೋಧರನು ಒಂದು ಕನಸು ಕಂಡೆನೆಂದು ಹೇಳುತ್ತಾನೆ. ತಾವರೆಗೊಳದಲ್ಲಿ ಇರಬೇಕಾದ ಹಂಸೆ ಕೊಳಚೆಯಲ್ಲಿ ಆಡುತ್ತಿತ್ತೆಂಬುದು ಆ ಕಟ್ಟುಕನಸಿನ ತಿರುಳು. ರಾತ್ರಿ ಕಂಡುದನ್ನೇ ಅವನು ಹೇಳಿದ್ದಾನೆ, ಆದರೆ ಹೇಳಿಲ್ಲ. ಇದು ಪೂರ್ಣ ಸುಳ್ಳಲ್ಲ ಎಂಬುದೇ ಇದರ ತೊಡಕು. ಪೂರ್ಣ ಸುಳ್ಳನ್ನು ಹೇಳಿದವನಿಗೆ ತಾನು ಸುಳ್ಳು ಹೇಳಿದೆನೆಂದಾದರೂ ಗೊತ್ತಿರುತ್ತದೆ. ಸೂಚ್ಯವಾಗಿ ಹೇಳಿದವನಿಗೆ ತಾನು ಹೇಳಿದೆನೆಂಬ ಸಮಾಧಾನವೂ ಸಿಗುತ್ತದೆ, ಹೇಳದ ಲಾಭವೂ ಸಿಗುತ್ತದೆ.

ಇಲ್ಲಿಯೇ ನಾನು ನಿಂತುಬಿಟ್ಟುದು. ಅದಕ್ಕೆ ಕಾರಣ ಒಂದು ಶಬ್ದ. ಕನ್ನಡದಲ್ಲಿ ‘ಆಲೋಚನೆ’ ಎಂದರೆ ಯೋಚಿಸುವುದು, ವಿಚಾರಮಾಡುವುದು. ದಿನಕ್ಕೆ ಹತ್ತು ಸಲ ಬಳಸುವ ಮಾತು. ನಮ್ಮ ಆಗಮದ ಪರಿಭಾಷೆಯಲ್ಲಿ ಅದೇ ‘ಆಲೋಚನೆ’ಗೆ ಬೇರೆಯ ಅರ್ಥವಿದೆ: ತನ್ನ ದೋಷವನ್ನು ಗುರುವಿನ ಮುಂದೆ ಮರೆಮಾಚದೆ ತೋಡಿಕೊಳ್ಳುವುದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಎಣಿಸಿರುವ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಅದೇ ಮೊದಲನೆಯದು; ಪ್ರತಿಕ್ರಮಣ ಅದರ ನಂತರ ಬರುತ್ತದೆ. ಆ ಆಲೋಚನೆಯಲ್ಲಿ ನುಸುಳಬಹುದಾದ ಹತ್ತು ದೋಷಗಳನ್ನು ಶಿವಾರ್ಯರ ‘ಭಗವತೀ ಆರಾಧನೆ’ ವಿವರಿಸುತ್ತದೆ. ಕೆಲವು ಓದಿದಾಗ ನಗು ಬರುತ್ತದೆ, ಅಷ್ಟು ನಮ್ಮವು. ದೊಡ್ಡ ತಪ್ಪನ್ನು ಬಚ್ಚಿಟ್ಟು ಸಣ್ಣದನ್ನು ಮಾತ್ರ ಹೇಳುವುದು ಒಂದು. ಇತರರು ನೋಡಿಬಿಟ್ಟ ತಪ್ಪನ್ನಷ್ಟೇ ಒಪ್ಪಿಕೊಳ್ಳುವುದು ಒಂದು. ಗದ್ದಲದಲ್ಲಿ ಯಾರಿಗೂ ಕೇಳದಂತೆ ಹೇಳಿ ಮುಗಿಸುವುದು ಇನ್ನೊಂದು. ಅವುಗಳಲ್ಲಿ ‘ಛನ್ನ’ವೆಂಬ ದೋಷವೊಂದಿದೆ. ಛನ್ನವೆಂದರೆ ಮುಚ್ಚಿದುದು. ‘ಒಬ್ಬನು ಹೀಗೆ ಮಾಡಿದರೆ ಅವನಿಗೆ ಏನು ಪ್ರಾಯಶ್ಚಿತ್ತ?’ ಎಂದು ಬೇರೆಯವರ ವಿಷಯವೆಂಬಂತೆ ಕೇಳಿ, ಬಂದ ಉತ್ತರವನ್ನು ಗುಟ್ಟಾಗಿ ತನಗೆ ಹಚ್ಚಿಕೊಳ್ಳುವುದು.

ಯಶೋಧರನ ಕನಸು ಈ ಛನ್ನವೇ ಅಲ್ಲವೆ? ಅವನು ತೋಡಿಕೊಳ್ಳಬೇಕಾಗಿದ್ದುದು ತನ್ನ ದೋಷವಲ್ಲ, ತನ್ನ ನೋವು, ನಿಜ. ತಾಯಿ ಗುರುವಲ್ಲ, ಅದೂ ನಿಜ. ಆದರೆ ಮುಚ್ಚಿ ಹೇಳಿದ ವ್ಯಾಧಿಗೆ ಬರುವ ಔಷಧ ಆ ವ್ಯಾಧಿಯದಾಗಿರುವುದಿಲ್ಲ ಎಂಬ ನಿಯಮ ಎರಡು ಕಡೆಯೂ ಒಂದೇ. ತಾಯಿಗೆ ಸಿಕ್ಕಿದುದು ಕನಸು. ಅವಳು ಕೊಟ್ಟುದು ಕನಸಿನ ಔಷಧ. ದುಃಸ್ವಪ್ನಕ್ಕೆ ಶಾಂತಿ ಮಾಡಿಸಬೇಕು, ದೇವಿಗೆ ಬಲಿ ಕೊಡಬೇಕು ಎಂದಳು. ಅವಳನ್ನು ಕ್ರೂರಿಯೆಂದು ಹೇಳುವುದು ಸುಲಭ. ಕಾವ್ಯದಲ್ಲಿ ಅವಳು ಮಗನ ಮೇಲೆ ಪ್ರಾಣವಿಟ್ಟ ಮುದುಕಿ, ಅಷ್ಟೆ. ಆದರೆ ಅವಳ ಮನಸ್ಸಿಗೂ ಒಂದು ಅಭ್ಯಾಸವಿದೆ. ಕಂಡ ಪ್ರತಿಯೊಂದೂ ಅವಳಿಗೆ ಶಕುನ. ಶಕುನಕ್ಕೆ ತಕ್ಕ ಪರಿಹಾರ ಅವಳ ಮಡಿಲಿನಲ್ಲಿ ಮೊದಲೇ ಸಿದ್ಧವಿದೆ. ಮಗನೇ, ಆ ಹಂಸೆ ಯಾರು? ಎಂದು ಅವಳು ಒಂದು ಮಾತು ಕೇಳಿದ್ದರೆ ಕಥೆ ಬೇರೆಯಾಗುತ್ತಿತ್ತು. ಪರಿಹಾರ ಕೈಯಲ್ಲಿರುವವರಿಗೆ ಪ್ರಶ್ನೆ ಹುಟ್ಟುವುದು ಕಷ್ಟ.

ಇದಕ್ಕೆ ಮಗನ ಉತ್ತರ ನೋಡಿ. ಜೀವದಯೆಯನ್ನು ಕುರಿತು ಅವನು ತಾಯಿಗೆ ತತ್ತ್ವ ಹೇಳುತ್ತಾನೆ, ಚೆನ್ನಾಗಿಯೇ ಹೇಳುತ್ತಾನೆ. ಕೊಲ್ಲುವುದರಿಂದ ಶಾಂತಿ ಸಿಗಲಾರದೆಂದು ಬಲ್ಲವನು ಅವನು. ಇಡೀ ಧರ್ಮವನ್ನು ವಿವರಿಸಬಲ್ಲವನಿಗೆ ರಾತ್ರಿ ನಡೆದ ಒಂದು ಸಂಗತಿಯನ್ನು ಹೇಳಲು ಬಾಯಿ ಬರಲಿಲ್ಲ. ಸ್ವಾಧ್ಯಾಯದ ಅಭ್ಯಾಸವಿರುವ ನಮ್ಮಂಥವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ತತ್ತ್ವವೂ ಒಂದು ಮರೆಯಾಗಬಲ್ಲದು. ಮನೆಯಲ್ಲಿ ಮಾತು ಕಷ್ಟದ ಕಡೆಗೆ ತಿರುಗಿದಾಗ ಅನೇಕಾಂತವನ್ನೋ ಕರ್ಮಸಿದ್ಧಾಂತವನ್ನೋ ಎತ್ತಿಕೊಂಡು ಎದ್ದುಹೋದ ಹಿರಿಯರನ್ನು ನಾನು ಬಲ್ಲೆ. ಅವರಲ್ಲಿ ನಾನೂ ಒಬ್ಬ.

ಕೊನೆಗೆ ತಾಯಿ ಒಂದು ರಾಜಿಯ ದಾರಿ ತೋರಿಸುತ್ತಾಳೆ. ಜೀವದ ಕೋಳಿ ಬೇಡ, ಹಿಟ್ಟಿನ ಕೋಳಿಯಾಗಲಿ. ಮಗ ಒಪ್ಪುತ್ತಾನೆ. ಒಪ್ಪಿದುದು ತಾಯಿಯ ಮನಸ್ಸನ್ನು ನೋಯಿಸಬಾರದೆಂದು. ಇನ್ನೂ ಸರಿಯಾಗಿ ಹೇಳಬೇಕಾದರೆ, ಆ ಮಾತುಕತೆ ಮುಗಿದರೆ ಸಾಕೆಂದು. ಇಬ್ಬರೂ ತಮ್ಮ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳದೆಯೇ ತಲುಪಿದ ಒಪ್ಪಂದ ಇದು. ಹಿಟ್ಟಿನ ಕೋಳಿಯೆಂದರೆ ನನ್ನ ಪಾಲಿಗೆ ಇದೇ: ತಾಯಿಗೆ ಬಲಿ ಕೊಟ್ಟಂತಾಯಿತು, ಮಗನಿಗೆ ಕೊಡದಂತಾಯಿತು. ಅದನ್ನು ಕಡಿದಾಗ ಒಳಗೆ ಸೇರಿದ್ದ ಬೆಂತರವೊಂದು ಕೋಳಿಯಂತೆ ಕೂಗುತ್ತದೆ, ಯಶೋಧರ ನಡುಗುತ್ತಾನೆ. ಆ ಅರಮನೆಯಲ್ಲಿ ಎರಡು ದಿನಗಳಿಂದ ಯಾರೂ ಬಾಯಿಬಿಟ್ಟು ಕೂಗಿರಲಿಲ್ಲ. ಹಿಟ್ಟು ಕೂಗಿತು.

ಈ ದಂಡನೆ ಅತಿಯಾಯಿತಲ್ಲವೆ ಎಂದು ಇಂದಿನ ಓದುಗರು ಕೇಳುತ್ತಾರೆ. ಕಾಲೇಜು ಓದುವ ನನ್ನ ಮೊಮ್ಮಗಳೂ ಕೇಳಿದಳು: ಹಿಟ್ಟು ಕಡಿದುದಕ್ಕೆ ಇಷ್ಟು ಜನ್ಮಗಳೆ? ಅವಳಿಗೆ ನಾನು ಜಪಮಣಿಯ ಲೆಕ್ಕ ಹೇಳಿದೆ. ಸರದಲ್ಲಿ 108 ಮಣಿಗಳೇಕೆ ಎಂಬುದಕ್ಕೆ ನಮ್ಮಲ್ಲಿ ಒಂದು ಗಣಿತವಿದೆ. ಸಂಕಲ್ಪಿಸುವ ಸಂರಂಭ, ಸಾಧನಗಳನ್ನು ಕೂಡಿಸುವ ಸಮಾರಂಭ, ಮಾಡತೊಡಗುವ ಆರಂಭ ಎಂದು ಮೂರು. ಮನಸ್ಸು, ಮಾತು, ದೇಹ ಎಂದು ಮೂರು. ತಾನು ಮಾಡಿದುದು, ಮಾಡಿಸಿದುದು, ಒಪ್ಪಿದುದು ಎಂದು ಮೂರು. ಕ್ರೋಧ ಮಾನ ಮಾಯೆ ಲೋಭಗಳು ನಾಲ್ಕು. ಗುಣಿಸಿದರೆ 108. ಕರ್ಮ ಒಳಬರುವ ಬಾಗಿಲುಗಳು ಇಷ್ಟು. ಈಗ ಹಿಟ್ಟಿನ ಕೋಳಿಯನ್ನು ಈ ಲೆಕ್ಕಕ್ಕೆ ಹಿಡಿಯೋಣ. ಸಂಕಲ್ಪವಾಯಿತು, ಹಿಟ್ಟು ಕಲಸಿದುದಾಯಿತು, ಬಣ್ಣ ಹಚ್ಚಿದುದಾಯಿತು, ಕತ್ತಿ ಎತ್ತಿದುದಾಯಿತು. ತಾಯಿ ಮಾಡಿಸಿದಳು, ಮಗ ಮಾಡಿದ, ನೆರೆದವರು ಒಪ್ಪಿದರು. ಕೊರತೆಯಾದುದು ಒಂದೇ, ಸಾಯುವ ಪ್ರಾಣಿ. ಗುಣಾಕಾರದಲ್ಲಿ ಆ ಪ್ರಾಣಿಗೆ ಸ್ಥಾನವೇ ಇಲ್ಲ ನೋಡು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಅಜ್ಜ, ಕೋಪದಿಂದ ಕತ್ತಿ ಎತ್ತಿ ಇಳಿಸಿದನಲ್ಲ, ಆ ರಾತ್ರಿಯದೂ ಲೆಕ್ಕಕ್ಕೆ ಬರುತ್ತದಲ್ಲ?’ ಎಂದಳು. ನನಗೆ ಹೊಳೆಯದೆ ಇದ್ದುದು ಅದು. ಕಾವ್ಯ ಕೋಳಿಯ ಹೆಸರಿನಲ್ಲಿ ದಂಡನೆ ವಿಧಿಸಿದರೂ, ದಾಖಲೆ ಹಿಂದಿನ ರಾತ್ರಿಯಿಂದಲೇ ತೆರೆದಿದೆ.

ವ್ಯಾಪಾರಿಯಾದ ನನಗೆ ಇನ್ನೊಂದು ಹೋಲಿಕೆ ಬಿಡುವುದಿಲ್ಲ, ಓದುಗರು ಸೈರಿಸಬೇಕು. ಲೆಕ್ಕಶಾಸ್ತ್ರದಲ್ಲಿ ‘ಸಸ್ಪೆನ್ಸ್ ಅಕೌಂಟ್’ ಎಂಬುದೊಂದಿದೆ. ಒಂದು ಮೊತ್ತ ಎಲ್ಲಿಂದ ಬಂತು, ಯಾರ ಹೆಸರಿಗೆ ಹೋಯಿತು ಎಂದು ತಿಳಿಯದಿದ್ದರೆ ಅದನ್ನು ತಾತ್ಕಾಲಿಕವಾಗಿ ಆ ಖಾತೆಯಲ್ಲಿ ಇಡಬೇಕು. ವಿಚಾರಿಸಿ, ತಿಳಿದ ಮೇಲೆಯೇ ಯಾರದಾದರೂ ಖಾತೆಗೆ ಹಾಕಬೇಕು. ಅಂದಾಜಿನ ಮೇಲೆ ಒಬ್ಬರ ಹೆಸರಿಗೆ ಖರ್ಚು ಬರೆಯುವ ಗುಮಾಸ್ತನನ್ನು ಯಾವ ಅಂಗಡಿಯವನೂ ಇಟ್ಟುಕೊಳ್ಳುವುದಿಲ್ಲ. ಮನಸ್ಸಿನ ಖಾತೆಯಲ್ಲಿ ನಾವು ದಿನವೂ ಮಾಡುವುದು ಅದನ್ನೇ.

ನಾನು ಮಾಡಿದೆ. 1996ರಲ್ಲಿ ತಂದೆಯವರು ತೀರಿಕೊಂಡರು. ಆ ವರ್ಷದ ಲೆಕ್ಕ ಮುಗಿಸುವಾಗ 42,000 ರೂಪಾಯಿಗೆ ತಾಳೆ ಸಿಗಲಿಲ್ಲ. ಜವಳಿ ಅಂಗಡಿಯನ್ನು ನಾನೂ ನನ್ನ ತಮ್ಮನೂ ನೋಡಿಕೊಳ್ಳುತ್ತಿದ್ದೆವು. ಪೆಟ್ಟಿಗೆಯ ಬೀಗದ ಕೈ ಕೊನೆಯ ತಿಂಗಳುಗಳಲ್ಲಿ ಅವನ ಬಳಿ ಇತ್ತು. ಅಷ್ಟೇ ಸಾಕ್ಷ್ಯ. ಅದನ್ನು ಅವನ ಹೆಸರಿಗೆ ಬರೆದುಬಿಟ್ಟೆ, ಮನಸ್ಸಿನಲ್ಲಿ. ಕೇಳಲಿಲ್ಲ. ತಂದೆ ಹೋದ ಮನೆಯಲ್ಲಿ ಹಣದ ಮಾತೆತ್ತುವುದು ನನ್ನ ಘನತೆಗೆ ತಕ್ಕುದಲ್ಲವೆಂದು ಹೇಳಿಕೊಂಡೆ. ಅದನ್ನೇ ಕ್ಷಮೆಯೆಂದು ಕರೆದುಕೊಂಡೆ. ತಾಯಿ ಒಂದು ದಿನ, ಏಕೆ ಮಂಕಾಗಿದ್ದೀಯೆ ಎಂದು ಕೇಳಿದರು. ಅಂಗಡಿಗೆ ಕಾಲಿಟ್ಟರೆ ಮನಸ್ಸಿಗೆ ಸಮಾಧಾನವಿಲ್ಲ, ಸ್ಥಳದಲ್ಲಿ ಏನೋ ದೋಷವಿರಬೇಕು ಎಂದೆ. ಇದು ನನ್ನ ಹಂಸೆಯ ಕನಸು. ತಾಯಿ ಶಾಂತಿವಿಧಾನ ಮಾಡಿಸಿದರು. ಮನಸ್ಸು ತಿಳಿಯಾಗಲಿಲ್ಲವೆಂದು ಕಂಡು, ಅಣ್ಣತಮ್ಮಂದಿರು ಬೇರೆ ಬೇರೆ ವ್ಯಾಪಾರ ಮಾಡುವುದೇ ಒಳ್ಳೆಯದೇನೋ ಎಂದರು. ನಾನು ಕೂಡಲೇ ಒಪ್ಪಿದೆ. ತಮ್ಮನೂ ಒಪ್ಪಿದ, ಕಾರಣವನ್ನು ಅವನೂ ಕೇಳಲಿಲ್ಲ. ಅಂಗಡಿಯ ನಡುವೆ ಹಲಗೆಯ ಗೋಡೆ ಎದ್ದಿತು. ಒಂದು ಮಾತು ಜಗಳವಿಲ್ಲದೆ ಪಾಲಾದರೆಂದು ಪೇಟೆಯಲ್ಲಿ ನಮ್ಮನ್ನು ಹೊಗಳಿದರು. ಗೋಡೆಯ ಆಚೆ ಅವನು ಗಿರಾಕಿಗಳೊಡನೆ ನಗುವುದು ನನಗೆ ಕೇಳುತ್ತಿತ್ತು. ಪ್ರತಿ ನಗುವಿನಲ್ಲಿಯೂ 42,000 ರೂಪಾಯಿ ಕೇಳುತ್ತಿತ್ತು.

2010ರಲ್ಲಿ ತಾಯಿ ಹೋದರು. ಹನ್ನೆರಡನೆಯ ದಿನದ ರಾತ್ರಿ, ನೆಂಟರೆಲ್ಲ ಮಲಗಿದ ಮೇಲೆ, ಜಗಲಿಯಲ್ಲಿ ಇಬ್ಬರೇ ಇದ್ದಾಗ ಆ ಹಣದ ವಿಷಯವನ್ನು ಮೊದಲ ಬಾರಿ ಕೇಳಿದೆ. ಅವನು ನನ್ನನ್ನು ನೋಡುತ್ತ, ‘ಇದನ್ನು ಕೇಳಲು ಹದಿನಾಲ್ಕು ವರ್ಷ ಬೇಕಾಯಿತೆ?’ ಎಂದ. ಬೇರೆ ಉತ್ತರ ಕೊಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ, ಈ ಸಲ ಮಾನದಿಂದಲ್ಲ. ಆ ಮೊತ್ತ ಎಲ್ಲಿಗೆ ಹೋಯಿತೆಂದು ಇಂದಿಗೂ ನನಗೆ ತಿಳಿಯದು. ಸಸ್ಪೆನ್ಸ್ ಅಕೌಂಟಿನಲ್ಲಿ ಇಟ್ಟಿದ್ದೇನೆ, ಅದು ಮೊದಲಿನಿಂದಲೂ ಇರಬೇಕಾಗಿದ್ದ ಸ್ಥಳದಲ್ಲಿ.

ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಮಾತುಗಳನ್ನು ಗಮನಿಸುತ್ತ, ಅವರ ಮನಸ್ಸಿನಲ್ಲಿ ತಾವೇ ತಾವಾಗಿ ಹಾದುಹೋಗುವ, ಅವರೂ ಸರಿಯಾಗಿ ಗಮನಿಸದ ಕ್ಷಿಪ್ರ ಯೋಚನೆಗಳಿರುತ್ತವೆಂದು ಕಂಡುಕೊಂಡರು. ಎದುರಿನವರ ಮನಸ್ಸಿನಲ್ಲಿ ಏನಿದೆಯೆಂದು ಕೇಳದೆಯೇ ತೀರ್ಮಾನಿಸುವುದು, ಒಂದು ಸಣ್ಣ ಸಂಗತಿಯಿಂದ ಮುಂಬರುವ ಕೇಡನ್ನೆಲ್ಲ ಕಾಣುವುದು, ಇಂಥ ಓರೆಗಳನ್ನು ಅವರ ಪಂಥದವರು ಹೆಸರಿಟ್ಟು ಗುರುತಿಸಿದ್ದಾರೆ. ಮೊದಲನೆಯದು ಯಶೋಧರನಿಗೆ, ಎರಡನೆಯದು ಚಂದ್ರಮತಿಗೆ ಒಪ್ಪುವಂತಿದೆ. ಆದರೆ ‘ನಮ್ಮ ಪೂರ್ವಾಚಾರ್ಯರು ಇದನ್ನೆಲ್ಲ ಮೊದಲೇ ಹೇಳಿದ್ದರು’ ಎಂದು ಎದೆ ತಟ್ಟಿಕೊಳ್ಳುವ ಬರಹಗಳು ನನಗೆ ರುಚಿಸುವುದಿಲ್ಲ. ಎರಡೂ ಒಂದೇ ಅಲ್ಲ. ಬೆಕ್ ಅವರ ಪದ್ಧತಿಯಲ್ಲಿ ಕೇಳುವ ಮುಖ್ಯ ಪ್ರಶ್ನೆ, ಈ ಯೋಚನೆ ನಿಜವೆ, ಇದಕ್ಕೆ ಆಧಾರವೇನು ಎಂಬುದು. ಯಶೋಧರನಿಗೆ ಈ ಪ್ರಶ್ನೆ ಸಾಲದು. ಅವನ ಹೆಂಡತಿಯ ವಿಷಯದಲ್ಲಿ ಅವನು ಯೋಚಿಸಿದುದು ನಿಜವೇ ಆಗಿತ್ತು. ನಿಜವಾದ ಯೋಚನೆಯೂ ಕಷಾಯದಲ್ಲಿ ಅದ್ದಿದರೆ ಕಟ್ಟುತ್ತದೆ ಎಂಬುದು ಜನ್ನನ ಕಥೆಯ ನೆಲೆ. ನನ್ನ ವಿಷಯದಲ್ಲಿ ಮಾತ್ರ ಆ ವೈದ್ಯರ ಪ್ರಶ್ನೆಯೇ ಸಾಕಾಗುತ್ತಿತ್ತು.

ಕಾವ್ಯದ ಉತ್ತರಭಾಗಕ್ಕೆ ಬರೋಣ. ಅಮೃತಮತಿ ಕೊಟ್ಟ ವಿಷದ ಲಡ್ಡುಗೆಯಿಂದ ತಾಯಿಮಗ ಇಬ್ಬರೂ ಸಾಯುತ್ತಾರೆ, ಜನ್ಮಪರಂಪರೆ ಮೊದಲಾಗುತ್ತದೆ. ಇಲ್ಲಿ ಕವಿ ಅವಸರಪಟ್ಟಿದ್ದಾನೆಂದು ನನಗೆ ತೋರುತ್ತದೆ. ಜನ್ಮದ ಮೇಲೆ ಜನ್ಮ ಬಂದು ಹೋಗುವಾಗ ಓದುಗನಿಗೆ ದಣಿವಾಗುವುದು ಸುಳ್ಳಲ್ಲ. ಗಜಶಾಲೆಯ ಹಾಡು ಕೇಳಿದ ರಾತ್ರಿ ಅಮೃತಮತಿಯ ಮನಸ್ಸಿನ ಒಳಗಿಂದ ಬರೆದ ಕವಿ, ವಿಷವಿಕ್ಕಿದ ಮೇಲೆ ಅವಳನ್ನು ಹೊರಗಿನಿಂದ ಮಾತ್ರ ನೋಡುತ್ತಾನೆ. ಕುಷ್ಠ, ನರಕ ಎಂದು ಎರಡು ಹೆಜ್ಜೆಯಲ್ಲಿ ಮುಗಿಸುತ್ತಾನೆ. ಈ ಆಕ್ಷೇಪವನ್ನು ನಾನು ವಿಮರ್ಶಕರೊಡನೆ ಒಪ್ಪುತ್ತೇನೆ. ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ದಲ್ಲಿ ಇದೇ ಕಥೆಯನ್ನೆತ್ತಿಕೊಂಡು, ರಾಣಿಯನ್ನೇ ಜೈನಳನ್ನಾಗಿಯೂ ರಾಜನನ್ನು ಅವಳಿಗಾಗಿ ಜೈನನಾದವನನ್ನಾಗಿಯೂ ಮಾಡಿದರು. ನಮ್ಮಲ್ಲಿ ಕೆಲವರಿಗೆ ಆ ನಾಟಕ ಹಿಡಿಸಲಿಲ್ಲ. ಜನ್ನನ ಅರಮನೆಯಲ್ಲಿ ಪರಸ್ಪರ ಆಡದೆ ಉಳಿದ ಮಾತುಗಳನ್ನು ಅಲ್ಲಿ ಪಾತ್ರಗಳು ಮುಖಕ್ಕೆ ಮುಖ ಕೊಟ್ಟು ಆಡಬೇಕಾಗುತ್ತದೆಂಬುದನ್ನು ಕಂಡವನಾದುದರಿಂದ ನನಗೆ ಅದರ ಮೇಲೆ ಮುನಿಸಿಲ್ಲ.

ಆದರೂ ಆ ಜನ್ಮಗಳನ್ನು ಬರಿಯ ಉಪದೇಶವೆಂದು ತಳ್ಳುವುದು ಅವಸರದ ತೀರ್ಪು. ಒಂದನ್ನು ನೋಡಿದರೆ ಸಾಕು. ಯಶೋಧರ ನವಿಲಾಗಿ, ಚಂದ್ರಮತಿ ನಾಯಿಯಾಗಿ, ತಮ್ಮದೇ ಅರಮನೆಗೆ ಬಂದು ಸೇರುತ್ತಾರೆ. ಈಗ ಅರಸನಾಗಿರುವವನು ಯಶೋಧರನ ಮಗ ಯಶೋಮತಿ. ಅಮೃತಮತಿಯನ್ನೂ ಮಾವಟಿಗನನ್ನೂ ಕಂಡ ನವಿಲು ಕೆರಳಿ ಮೇಲೆ ಬೀಳುತ್ತದೆ. ಪೆಟ್ಟು ತಿಂದು ಓಡಿಬಂದ ನವಿಲನ್ನು ನಾಯಿ ಹಿಡಿದು ಕೊಲ್ಲುತ್ತದೆ. ನವಿಲನ್ನು ಬಿಡಿಸಲೆಂದು ಯಶೋಮತಿ ಹೊಡೆದ ಪೆಟ್ಟಿಗೆ ನಾಯಿ ಸಾಯುತ್ತದೆ. ಅಂದು ಹೇಳದೆ ನುಂಗಿದ ಕೋಪ ಹಕ್ಕಿಯ ಕೊಕ್ಕಿನಲ್ಲಿ ಹೊರಬಂದಿದೆ. ಅಂದು ಮಗನ ಒಳಿತಿಗೆಂದು ಅವನನ್ನು ಬಲಿಯ ಕಡೆಗೆ ಎಳೆದ ತಾಯಿಯ ಹಿಡಿತ ನಾಯಿಯ ಹಲ್ಲಿನಲ್ಲಿ ಬಂದಿದೆ. ಮೊಮ್ಮಗ ಅಜ್ಜಿಯನ್ನು ಕೊಂದುದು ಕರುಣೆಯಿಂದ. ಮುಂದೆ ಅದೇ ಯಶೋಮತಿ ತಂದೆಗೂ ಅಜ್ಜಿಗೂ ಸದ್ಗತಿಯಾಗಲೆಂದು ಭಕ್ತಿಯಿಂದ ಶ್ರಾದ್ಧ ಮಾಡಿಸಿದಾಗ ಅಡುಗೆಯಾಗುವುದೂ ಆ ಜೀವಗಳ ದೇಹವೇ. ಅಮೃತಮತಿಯ ಲಡ್ಡುಗೆಯೊಂದನ್ನು ಬಿಟ್ಟರೆ, ಈ ಮನೆಯಲ್ಲಿ ಪ್ರೀತಿಯ ಕೊರತೆಯಿಂದ ಆದ ಕೇಡು ಕಡಿಮೆ. ಒಬ್ಬರಿಗೊಬ್ಬರು ಯಾರೆಂದು ತಿಳಿಯದೆ ಪ್ರೀತಿಸಿದರು, ಹೊಡೆದರು, ಉಣ್ಣಿಸಿದರು. ತಿರ್ಯಂಚಗತಿಯನ್ನು ಮಾತಿಲ್ಲದ ಗತಿಯೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಮಾತಿದ್ದಾಗ ಆಡದವರು ಮಾತಿಲ್ಲದ ಜನ್ಮಗಳಿಗೆ ಹೋದರೆಂಬುದರಲ್ಲಿ ಕವಿಯ ಉದ್ದೇಶವಿತ್ತೋ ಇಲ್ಲವೋ, ನನ್ನ ಓದಿನಲ್ಲಿ ಅದು ಬಂದಿದೆ.

ಕಡೆಗೆ ಕೋಳಿಗಳಾಗಿ ಸತ್ತು, ಯಶೋಮತಿಯ ಮಕ್ಕಳಾಗಿಯೇ ಅವಳಿಜವಳಿ ಹುಟ್ಟಿ, ಪೂರ್ವಜನ್ಮದ ಸ್ಮರಣೆಯಾಗಿ, ಸುದತ್ತಾಚಾರ್ಯರ ಸಂಘದಲ್ಲಿ ಸೇರಿದ ಅಣ್ಣತಂಗಿಯರು ಅಭಯರುಚಿ ಮತ್ತು ಅಭಯಮತಿ. ಕಾವ್ಯ ಮೊದಲಾಗುವುದೇ ಇವರಿಂದ. ರಾಜಪುರದ ಅರಸ ಮಾರಿದತ್ತ ಚಂಡಮಾರಿಗೆ ಬಲಿಕೊಡಲು ಇವರನ್ನು ಹಿಡಿತರಿಸಿದ್ದಾನೆ. ಇವರ ನಿರ್ಭಯವನ್ನು ಕಂಡು ಬೆರಗಾಗಿ, ನೀವು ಯಾರೆಂದು ಕೇಳುತ್ತಾನೆ. ಈ ತನಕ ಹೇಳಿದ ಕಥೆಯೆಲ್ಲ ಆ ಒಂದು ಪ್ರಶ್ನೆಗೆ ಅಭಯರುಚಿ ಕೊಡುವ ಉತ್ತರ. ನಾನು ಇದನ್ನು ಮೊದಲ ಓದಿನಲ್ಲಿ ಕಥೆಗೆ ಹಾಕಿದ ಚೌಕಟ್ಟೆಂದಷ್ಟೇ ಎಣಿಸಿದ್ದೆ. ಯಶೋಧರನಾಗಿದ್ದವನು ಈಗ ಅಪರಿಚಿತನ ಎದುರಿಗೆ, ಕತ್ತಿಯ ಎದುರಿಗೆ, ಕನಸಿನ ಹೊದಿಕೆಯಿಲ್ಲದೆ ಹೇಳುತ್ತಿದ್ದಾನೆ: ನಾನೇ ಅವನು, ನನ್ನ ಹೆಂಡತಿ ಹೀಗೆ ಮಾಡಿದಳು, ನಾನು ಕಂಡೆ, ತಾಯಿಗೆ ಸುಳ್ಳು ಹೇಳಿದೆ, ಕೋಳಿಯನ್ನು ಕಡಿದೆ. ಛನ್ನವಾಗಿದ್ದುದೆಲ್ಲ ಇಲ್ಲಿ ಆಲೋಚನೆಯಾಗಿದೆ. ಹಾಗೆ ಅವನು ಹೇಳುತ್ತಿರುವಾಗ, ಆ ಮುಂಜಾನೆ ಕಾರಣ ಕೇಳಿದ್ದ ತಾಯಿ ಅವನ ಪಕ್ಕದಲ್ಲಿಯೇ ಇದ್ದಾಳೆ, ತಂಗಿಯಾಗಿ.